ತಿದಿಯಿಂದ ಕನ್ನಡಕದವರೆಗೆ



ಕಣ್ಣಿಗೆ ಉಪಕರಣ ಕಟ್ಟಿಕೊಂಡು ಕಂಪ್ಯೂಟರ್ ಸೃಷ್ಟಿಸಿದ ಲೋಕದಲ್ಲಿ ವಿಹರಿಸುವುದು ನಿಮಗೆ ಬರೀ ಆಟವೆನಿಸಿರಬಹುದು. ಆದರೆ ಈ ವಿದ್ಯೆಯ ಚರಿತ್ರೆಯನ್ನು ಕೆದಕಿದರೆ, ಅದರ ಬೇರುಗಳು ದುಡಿಯುವವರ ಕಷ್ಟದಲ್ಲಿವೆ ಎಂಬುದು ತಿಳಿಯುತ್ತದೆ.

ಅಮೆರಿಕದ ಎಡ್ವಿನ್ ಲಿಂಕ್‌ನ ತಂದೆಗೆ ಪಿಯಾನೋ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆಯಿತ್ತು. ಆ ವಾದ್ಯಗಳ ಗಾಳಿತಿದಿಗಳನ್ನೇ ಬಳಸಿ, ನೆಲ ಬಿಡದೆಯೇ ವಿಮಾನದಂತೆ ಓಲಾಡುವ ತರಬೇತಿ ಯಂತ್ರವೊಂದನ್ನು ಲಿಂಕ್ 1929ರಲ್ಲಿ ರೂಪಿಸಿದ. ಮೊದಮೊದಲು ಅದನ್ನು ಕೊಂಡದ್ದು ಮನರಂಜನಾ ಉದ್ಯಾನಗಳು! 1934ರಲ್ಲಿ ಅಂಚೆ ಸಾಗಿಸುವ ಹೊಣೆ ಹೊತ್ತ ಸೇನೆಯ ಹಲವು ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಪ್ರಾಣ ಕಳೆದುಕೊಂಡ ಮೇಲೆಯೇ ಸೇನೆ 6 ಯಂತ್ರಗಳನ್ನು ಖರೀದಿಸಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸುಮಾರು 5 ಲಕ್ಷ ಪೈಲಟ್‌ಗಳು ಇಂತಹ ಯಂತ್ರಗಳಲ್ಲಿ ಕಲಿತರು.

1968ರಲ್ಲಿ ಐವನ್ ಸದರ್ಲೆಂಡ್ ಎಂಬ ವಿಜ್ಞಾನಿ ತಲೆಗೆ ಧರಿಸುವ ಪರದೆಯನ್ನು ತೋರಿಸಿಕೊಟ್ಟರು. ಅದನ್ನು ಛಾವಣಿಗೆ ಜೋಡಿಸಬೇಕಾಗಿತ್ತು. ಧರಿಸಿದವರಿಗೆ ಎದುರಿನ ಕೋಣೆಯೂ, ಅದರಲ್ಲಿ ತೇಲುವ ಗೆರೆಚಿತ್ರವೂ ಒಟ್ಟಿಗೆ ಕಾಣುತ್ತಿದ್ದವು.

ಇದಕ್ಕೆ ಕಾರ್ಖಾನೆಯ ಬಾಗಿಲು ತೆರೆದದ್ದು ಬೋಯಿಂಗ್ ಕಂಪೆನಿಯಲ್ಲಿ. ವಿಮಾನದೊಳಗಿನ ಅಸಂಖ್ಯ ವಿದ್ಯುತ್ ತಂತಿಗಳನ್ನು ಕಾರ್ಮಿಕರು ದೊಡ್ಡ ಹಲಗೆಗಳ ಮೇಲೆ ನಕ್ಷೆ ನೋಡಿ ಜೋಡಿಸಿ ಕಟ್ಟುಗಳನ್ನಾಗಿ ಮಾಡಬೇಕಿತ್ತು. ಒಂದೊಂದು ಬಗೆಯ ಕಟ್ಟಿಗೂ ಒಂದೊಂದು ಹಲಗೆ. ತಂತಿ ಸಾಗಬೇಕಾದ ದಾರಿಯನ್ನು ಕಾರ್ಮಿಕನ ಕಣ್ಣೆದುರೇ ಮೂಡಿಸಿದರೆ ಒಂದೇ ಖಾಲಿ ಹಲಗೆ ಸಾಲದೇ ಎಂದು ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಯೋಚಿಸಿದರು. 1992ರಲ್ಲಿ ಪ್ರಬಂಧ ಮಂಡಿಸಿದರು. 'ಆಗ್ಮೆಂಟೆಡ್ ರಿಯಾಲಿಟಿ' (ವರ್ಧಿತ ವಾಸ್ತವ) ಎಂಬ ಹೆಸರು ಬಂದದ್ದು ಇಲ್ಲಿಂದಲೇ.

ಮುಂದಿನ ಹಾದಿ ಸುಗಮವಾಗಿರಲಿಲ್ಲ. ಗೂಗಲ್ ತನ್ನ 'ಗ್ಲಾಸ್' ಕನ್ನಡಕವನ್ನು 2017ರಲ್ಲಿ ಉದ್ಯಮಗಳಿಗೆಂದು ಮತ್ತೆ ತಂದು, 2023ರಲ್ಲಿ ಮಾರಾಟ ನಿಲ್ಲಿಸಿತು. 2016ರಲ್ಲಿ ಬಂದ ಮೈಕ್ರೋಸಾಫ್ಟ್‌ನ 'ಹೋಲೋಲೆನ್ಸ್' ಉಪಕರಣದ ತಯಾರಿಕೆಯೂ 2024ರಲ್ಲಿ ನಿಂತಿತು. ಉಪಕರಣಗಳು ಬಂದು ಹೋದರೂ, ಅಪಾಯದ ಕೆಲಸವನ್ನು ಅಪಾಯವಿಲ್ಲದೆ ಕಲಿಸುವ ಮೂಲ ಉದ್ದೇಶ ಉಳಿದಿದೆ.

ವಿದ್ಯಾರ್ಥಿಗಳೇ, ಇಲ್ಲಿ ನಮಗೊಂದು ಪಾಠವಿದೆ. ಲಿಂಕ್‌ಗೆ ದಾರಿ ತೋರಿದ್ದು ತಂದೆಯ ಕಾರ್ಖಾನೆಯ ತಿದಿ. ಬೋಯಿಂಗ್‌ನವರಿಗೆ ದಾರಿ ತೋರಿದ್ದು ಕಾರ್ಮಿಕನ ಹಲಗೆ. ಕಂಪ್ಯೂಟರ್ ಕಲಿಯಿರಿ, ಆದರೆ ಕೈಕೆಲಸವನ್ನು ಕೀಳೆಂದು ಕಾಣಬೇಡಿ. ನಿಮ್ಮ ಮನೆಯವರು ದುಡಿಯುವ ಜಾಗಕ್ಕೆ ಒಮ್ಮೆ ಹೋಗಿ, ಅವರ ಕೆಲಸದ ತೊಡಕೇನೆಂದು ಕೇಳಿ ನೋಡಿ. ನಾಳಿನ ಸಂಶೋಧನೆಯ ಬೀಜ ಅಲ್ಲಿಯೇ ಇರಬಹುದು.