ವಾರ್ಫರಿನ್ ಮತ್ತು ತೀವ್ರ ರಕ್ತಸ್ರಾವ

ರಕ್ತ ಹೆಪ್ಪುಗಟ್ಟದಂತೆ ತಡೆಯಲು ಬಾಯಿಯ ಮೂಲಕ ಕೊಡುವ ಔಷಧಗಳಲ್ಲಿ ವಾರ್ಫರಿನ್ ಬಹಳ ಹಳೆಯದು. ಬೂಸ್ಟು ಹಿಡಿದ ಸಿಹಿ ಕ್ಲೋವರ್ ಮೇವು ತಿಂದ ದನಗಳು ರಕ್ತ ಸೋರಿ ಸಾಯುವುದೇಕೆಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ತಂಡ ಹುಡುಕಿದ್ದರ ಫಲವಿದು. 1948ರಲ್ಲಿ ಇಲಿಪಾಷಾಣವಾಗಿ ಮಾರಾಟಕ್ಕೆ ಬಂದು, 1954ರಲ್ಲಿ ಅಮೆರಿಕದಲ್ಲಿ ಮನುಷ್ಯರ ಚಿಕಿತ್ಸೆಗೆ ಒಪ್ಪಿಗೆ ಪಡೆಯಿತು. ಈ ಪೂರ್ವೇತಿಹಾಸ ಕೇಳಿದವರು ಮಾತ್ರೆಗೇ ಹೆದರುತ್ತಾರೆ. ಆದರೆ ತೀವ್ರ ರಕ್ತಸ್ರಾವದ ಎಷ್ಟೋ ಪ್ರಕರಣಗಳ ಹಿಂದಿರುವುದು ಅಳತೆ ತಪ್ಪಿದ ಔಷಧ.

ಪಿತ್ತಜನಕಾಂಗ ವಿಟಮಿನ್ ಕೆ ನೆರವಿನಿಂದ ತಯಾರಿಸುವ 2, 7, 9 ಮತ್ತು 10ನೇ ಹೆಪ್ಪುಕಾರಕ ಅಂಶಗಳನ್ನು ವಾರ್ಫರಿನ್ ತಗ್ಗಿಸುತ್ತದೆ. ಒಬ್ಬರಿಗೆ ಸಾಲದ ಪ್ರಮಾಣ ಇನ್ನೊಬ್ಬರಿಗೆ ಅತಿಯಾಗಬಹುದು. ಅದಕ್ಕೇ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಐಎನ್‌ಆರ್ ಎಂಬ ರಕ್ತಪರೀಕ್ಷೆ ಬೇಕು. ಬಹುಪಾಲು ರೋಗಿಗಳಲ್ಲಿ ಅದು 2ರಿಂದ 3ರ ನಡುವೆ ಇರಬೇಕು. 4 ದಾಟಿದರೆ ಅಪಾಯ ಬೇಗ ಏರುತ್ತದೆ. ಸರಿಯಾಗಿದ್ದ ಅಳತೆ ಕೆಡಲು ಹಲ್ಲುನೋವೊಂದು ಸಾಕು. ಅದಕ್ಕೆ ಕೊಡುವ ಮೆಟ್ರೊನಿಡಜೋಲ್ ಎಂಬ ಸೋಂಕುನಿವಾರಕ, ವಾರ್ಫರಿನ್ ದೇಹದಲ್ಲಿ ವಿಭಜನೆಯಾಗುವುದನ್ನು ನಿಧಾನಿಸಿ ಕೆಲವೇ ದಿನಗಳಲ್ಲಿ ಐಎನ್‌ಆರ್ ಏರಿಸುತ್ತದೆ. ಜೊತೆಗೆ ನುಂಗಿದ ನೋವಿನ ಮಾತ್ರೆ ಡೈಕ್ಲೊಫೆನಾಕ್ ಜಠರದ ಒಳಪೊರೆಯನ್ನು ಕೆಡಿಸುತ್ತದೆ. ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋಗುವ ಮಲ ಒಳಗಿನ ರಕ್ತಸ್ರಾವದ ಗುರುತು. ಮಿದುಳಿನ ರಕ್ತಸ್ರಾವ ಇದಕ್ಕಿಂತ ಘೋರ. ತಲೆಗೆ ಪೆಟ್ಟು ಬಿದ್ದವರು ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ವಿಟಮಿನ್ ಕೆ ಕೊಡುತ್ತಾರೆ, ಆದರೆ ಅದು ಕೆಲಸ ಮಾಡಲು ಗಂಟೆಗಳು ಬೇಕು. ಜೀವಕ್ಕೆ ಅಪಾಯವಿದ್ದಾಗ ಹೆಪ್ಪುಕಾರಕ ಅಂಶಗಳನ್ನೇ ನೇರವಾಗಿ ರಕ್ತನಾಳಕ್ಕೆ ಕೊಡುತ್ತಾರೆ.

ಪದೇಪದೇ ಪರೀಕ್ಷೆ ಬೇಡದ ಹೊಸ ಮಾತ್ರೆಗಳಿರುವಾಗ ಈ ಪಾಡೇಕೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹೃದಯ ಬಡಿತದ ಲಯ ತಪ್ಪಿದವರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅರಿಸ್ಟಾಟಲ್ ಅಧ್ಯಯನದಲ್ಲಿ ತೀವ್ರ ರಕ್ತಸ್ರಾವ ವಾರ್ಫರಿನ್ ಪಡೆದವರಲ್ಲಿ ವರ್ಷಕ್ಕೆ ಶೇ. 3.09, ಅಪಿಕ್ಸಬಾನ್ ಪಡೆದವರಲ್ಲಿ ಶೇ. 2.13. ಅಂಥ ರೋಗಿಗಳಿಗೆ ಹೊಸ ಮಾತ್ರೆಯೇ ಮೇಲು. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರ ಕಥೆ ಬೇರೆ: ಅವರಿಗೆ ಇನ್ನೊಂದು ಹೊಸ ಮಾತ್ರೆ ಡಾಬಿಗಾಟ್ರಾನ್ ಕೊಟ್ಟು ನೋಡಿದ ಪ್ರಯೋಗದಲ್ಲಿ ಹೆಪ್ಪೂ ರಕ್ತಸ್ರಾವವೂ ಹೆಚ್ಚಾಗಿ, ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಭಾರತದ ರೋಗಿಗಳೂ ಇದ್ದ, 2022ರ ಇನ್ವಿಕ್ಟಸ್ ಅಧ್ಯಯನದಲ್ಲಿ ಸಂಧಿವಾತ ಜ್ವರದಿಂದ ಕವಾಟ ಕೆಟ್ಟು ಲಯವೂ ತಪ್ಪಿದವರು ರಿವರೊಕ್ಸಬಾನ್ ಎಂಬ ಹೊಸ ಮಾತ್ರೆಗಿಂತ ವಾರ್ಫರಿನ್‌ನಂಥ ಹಳೆಯ ಬಗೆಯ ಔಷಧದಲ್ಲೇ ಹೆಚ್ಚು ಬದುಕಿದರು. ತೀವ್ರ ರಕ್ತಸ್ರಾವವೂ ಹಳೆಯ ಔಷಧ ಪಡೆದವರಲ್ಲಿ ಗಮನಾರ್ಹವಾಗಿ ಹೆಚ್ಚಿರಲಿಲ್ಲ. ಈ ಎರಡೂ ಬಗೆಯ ರೋಗಿಗಳಿಗೆ ವಾರ್ಫರಿನ್ ಬರೆಯುವ ದಿನವೇ ಐಎನ್‌ಆರ್ ಎಲ್ಲಿ, ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು, ಯಾರಿಗೆ ತೋರಿಸಬೇಕು ಎಂಬುದೂ ಚೀಟಿಯಲ್ಲಿರಬೇಕು.