ಪಾತ್ರವನ್ನು ತಾನೇ ಬರೆದುಕೊಂಡ ನಟಿ

1940ನೆಯ ಇಸವಿಯ ಫೆಬ್ರವರಿ 29ರ ರಾತ್ರಿ, ಲಾಸ್ ಏಂಜಲಿಸ್ ನಗರದ ಅಂಬಾಸಡರ್ ಹೋಟೆಲಿನಲ್ಲಿ ಅಕಾಡೆಮಿ ಪ್ರಶಸ್ತಿಗಳ ಪ್ರದಾನ ಸಮಾರಂಭ ನಡೆದಾಗ, 'ಗಾನ್ ವಿತ್ ದ ವಿಂಡ್' ಚಿತ್ರದಲ್ಲಿ ದಾಸಿಯ ಪಾತ್ರವನ್ನು ನಿರ್ವಹಿಸಿ ಶ್ರೇಷ್ಠ ಪೋಷಕನಟಿಯೆಂಬ ಗೌರವಕ್ಕೆ ಭಾಜನರಾದ ಹ್ಯಾಟಿ ಮ್ಯಾಕ್‌ಡೇನಿಯಲ್ ಅವರು ತಮ್ಮ ಸಹನಟರ ಪಂಕ್ತಿಯಲ್ಲಿ ಕುಳಿತಿರಲಿಲ್ಲ. ಸಭಾಂಗಣದ ಅಂಚಿನಲ್ಲಿ, ಗೋಡೆಯ ಬದಿಗೆ ಪ್ರತ್ಯೇಕವಾಗಿ ಹಾಕಿದ್ದ ಸಣ್ಣ ಮೇಜೊಂದರ ಬಳಿ ಕುಳಿತಿದ್ದರು. ಕರಿಯ ವರ್ಣದವರಿಗೆ ಪ್ರವೇಶವಿಲ್ಲದಿದ್ದ ಆ ಹೋಟೆಲಿನೊಳಕ್ಕೆ ಆಕೆಯನ್ನು ಬಿಟ್ಟದ್ದೇ ಚಿತ್ರನಿರ್ಮಾಪಕರ ವಿಶೇಷ ಕೋರಿಕೆಯ ಮೇರೆಗೆ. ಆಕೆ ಪಡೆದ ಆ ಪ್ರಶಸ್ತಿ ಅಮೆರಿಕದ ಕರಿಯ ಜನಾಂಗದ ಕಲಾವಿದರಿಗೆ ಸಂದ ಮೊತ್ತಮೊದಲನೆಯದು. ಆದರೆ ಅದಕ್ಕಿಂತ ಮುಂಚೆ ಹೇಗೋ ಅದಾದ ಮೇಲೆಯೂ ಹಾಗೆಯೇ, ಆಕೆಯ ಪಾಲಿಗೆ ಬಂದವು ಬಹುಮಟ್ಟಿಗೆ ಅಡುಗೆಯವಳ, ದಾದಿಯ, ಊಳಿಗದವಳ ಪಾತ್ರಗಳೇ. ಪ್ರತಿಭೆಯನ್ನು ಒಪ್ಪಿಕೊಂಡವರು ಪಾತ್ರವನ್ನು ಮಾತ್ರ ಬದಲಿಸಲಿಲ್ಲ.

ನಟಿಯ ವೃತ್ತಿಯಲ್ಲಿ ಎಲ್ಲ ದೇಶಗಳಲ್ಲಿಯೂ ಈ ಪರಾಧೀನತೆ ಇದ್ದದ್ದೇ. ಕವಿಗೆ ಲೇಖನಿಯೂ ಗಾಯಕಿಗೆ ಕಂಠವೂ ತಮ್ಮ ವಶದಲ್ಲಿರುತ್ತವೆ. ನಟಿಯಾದರೋ ಮತ್ತೊಬ್ಬರು ಬರೆದದ್ದನ್ನು, ಮತ್ತೊಬ್ಬರು ಹಣ ಹೂಡಿದ್ದನ್ನು, ಮತ್ತೊಬ್ಬರು ತನ್ನನ್ನು ಆರಿಸಿದ ಮೇಲೆ ಮಾತ್ರ ಅಭಿನಯಿಸಬಲ್ಲವಳು. ಅಮೆರಿಕದ ಕರಿಯ ನಟಿಯರಿಗೆ ಈ ಪರಾಧೀನತೆಯ ಮೇಲೆ ವರ್ಣಭೇದದ ಭಾರವೂ ಸೇರಿತ್ತು. 1968ರಲ್ಲಿ ಡಯಾಹಾನ್ ಕ್ಯಾರಲ್ ಅವರು 'ಜೂಲಿಯಾ' ಎಂಬ ದೂರದರ್ಶನ ಧಾರಾವಾಹಿಯಲ್ಲಿ ದಾಸಿಯಲ್ಲದ, ಸ್ವತಂತ್ರ ಜೀವನ ನಡೆಸುವ ನರ್ಸ್ ಒಬ್ಬಳಾಗಿ ಕಾಣಿಸಿಕೊಂಡದ್ದು ಆ ದೇಶದಲ್ಲಿ ಒಂದು ಘಟನೆಯೆನಿಸಿತು. 1993ರಲ್ಲಿ 'ಲಿವಿಂಗ್ ಸಿಂಗಲ್', 2000ದಲ್ಲಿ 'ಗರ್ಲ್‌ಫ್ರೆಂಡ್ಸ್' ಬಂದವು. ವಿದ್ಯಾವಂತೆಯರಾದ, ನಗುವ, ಜಗಳವಾಡುವ, ಪ್ರೇಮದಲ್ಲಿ ಸೋತು ಗೆಲ್ಲುವ ಕರಿಯ ಹೆಂಗಸರು ಮನೆಮನೆಯ ಪರದೆಯ ಮೇಲೆ ಸಂಚರಿಸತೊಡಗಿದರು. ಆದರೆ 2006ರಲ್ಲಿ, ಇಂಥ ಕಥೆಗಳಿಗೆ ಆಶ್ರಯ ಕೊಟ್ಟಿದ್ದ ಯುಪಿಎನ್ ಎಂಬ ಸಣ್ಣ ವಾಹಿನಿಯು ಡಬ್ಲ್ಯೂಬಿ ವಾಹಿನಿಯೊಡನೆ ವಿಲೀನಗೊಂಡು, 2008ರಲ್ಲಿ 'ಗರ್ಲ್‌ಫ್ರೆಂಡ್ಸ್' ನಿಂತುಹೋದಾಗ, ಆ ಹೆಂಗಸರು ಪರದೆಯಿಂದ ಹೆಚ್ಚುಕಡಿಮೆ ಮರೆಯಾದರು. ಎರಡು ಸಂಸ್ಥೆಗಳ ಲೆಕ್ಕಪತ್ರದ ವ್ಯವಹಾರವೊಂದು ಒಂದು ಜನಾಂಗದ ಮುಖಚ್ಛಾಯೆಯನ್ನೇ ಅಳಿಸಿಹಾಕಬಲ್ಲುದೆಂಬುದು ಯೋಚಿಸಿದಷ್ಟೂ ಖೇದಕರವಾದ ಸಂಗತಿ.

ಇದೇ ವೇಳೆಗೆ ಇನ್ನೊಂದು ಕಡೆಯಲ್ಲಿ, ಯಾರ ಆಯ್ಕೆಗೂ ಕಾಯಬೇಕಿಲ್ಲದ ರಂಗಸ್ಥಳವೊಂದು ಸಿದ್ಧವಾಗುತ್ತಲಿತ್ತು. 2005ರ ಏಪ್ರಿಲ್ 23ರಂದು ಯೂಟ್ಯೂಬಿಗೆ ಮೊದಲ ವಿಡಿಯೊ ಏರಿತು: ಸ್ಯಾನ್ ಡಿಯೇಗೊದ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ತರುಣನೊಬ್ಬ ಆಡುವ 19 ಸೆಕೆಂಡುಗಳ ಮಾತು. ಮರುವರ್ಷದ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆಯು ಯೂಟ್ಯೂಬನ್ನು 165 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಆ ನಡುವಣ ಅಲ್ಪಕಾಲದಲ್ಲಿಯೇ ಅಂತರ್ಜಾಲದ ಪ್ರಥಮ ನಟಿಯೆಂದು ಕರೆಯಬಹುದಾದವಳೊಬ್ಬಳು ಹುಟ್ಟಿಕೊಂಡಳು. ಮತ್ತು ಆಕೆ ನಟಿಯೆಂಬುದು ನೋಡುವವರಿಗೆ ತಿಳಿದಿರಲಿಲ್ಲ. 2006ರ ಜೂನಿನಿಂದ 'ಲೋನ್ಲಿಗರ್ಲ್ 15' ಎಂಬ ಹೆಸರಿನಲ್ಲಿ, ಬ್ರೀ ಎಂಬ ಹದಿನಾರರ ಹುಡುಗಿ ತನ್ನ ಕೋಣೆಯಲ್ಲಿ ಕುಳಿತು, ಕಟ್ಟುನಿಟ್ಟಿನ ತಂದೆತಾಯಿಯರ ವಿಷಯವಾಗಿ, ಗೆಳೆಯನ ವಿಷಯವಾಗಿ ಕ್ಯಾಮೆರಾದೊಡನೆ ಮಾತಾಡುತ್ತ ಹೋದಳು. ಅಸಂಖ್ಯ ಜನ ಆಕೆಯನ್ನು ನಂಬಿದರು, ಆಕೆಗೆ ಬುದ್ಧಿ ಹೇಳಿದರು, ಮರುಗಿದರು. ಸೆಪ್ಟೆಂಬರಿನಲ್ಲಿ ಪತ್ರಿಕೆಗಳು ಗುಟ್ಟನ್ನು ಬಯಲಿಗೆಳೆದುವು. ಬ್ರೀ ಎಂಬುವಳು ಇರಲೇ ಇಲ್ಲ. ನ್ಯೂಜಿಲೆಂಡಿನಲ್ಲಿ ಬೆಳೆದ ಜೆಸಿಕಾ ರೋಸ್ ಎಂಬ ನಟಿ, ಹೊಸಬರಾದ ಕೆಲವು ತರುಣರು ರಚಿಸಿದ ಕಥೆಯನ್ನು ಅಭಿನಯಿಸುತ್ತಿದ್ದರು.

ಜನರ ಕೋಪ ಬಹುಕಾಲ ನಿಲ್ಲಲಿಲ್ಲ, ಕಥೆಯೂ ಮುಂದುವರಿಯಿತು. ಜೆಸಿಕಾ ರೋಸ್ ಅವರಿಗೆ ಒಂದೆರಡು ಚಲನಚಿತ್ರಗಳಲ್ಲಿಯೂ ಧಾರಾವಾಹಿಗಳಲ್ಲಿಯೂ ಅವಕಾಶ ದೊರೆತು, 2007ರಲ್ಲಿ ಬ್ರೀಯ ಪಾತ್ರ ಕಥೆಯೊಳಗೆ ಮರಣ ಹೊಂದಿತು. ಆದರೆ ಆ ಹಿಡಿತುಂಬದ ತಿಂಗಳುಗಳ ಪ್ರಖ್ಯಾತಿಗೆ ಸಮನಾದ ಪಾತ್ರ ಆಕೆಗೆ ಮತ್ತೆ ಒದಗಿ ಬರಲಿಲ್ಲ. ಇದಕ್ಕೆ ಆಕೆಯ ಶಕ್ತಿಯ ಕೊರತೆ ಕಾರಣವೆಂದು ನನಗೆ ತೋರುವುದಿಲ್ಲ. ಜನ ಪ್ರೀತಿಸಿದ್ದು ಬ್ರೀಯನ್ನು. ಬ್ರೀಯ ಮೇಲಿನ ಸ್ವಾಮ್ಯವು ಅದನ್ನು ಬರೆದವರ ಕೈಯಲ್ಲಿತ್ತು. ರಂಗಸ್ಥಳ ಹೊಸದಾದರೂ ನಟಿಯ ಸ್ಥಾನ ಹಳೆಯದೇ ಆಗಿ ಉಳಿದಿತ್ತು.

ಆ ಸ್ಥಾನ ಬದಲಾದದ್ದು ಅದೇ 2007ರಲ್ಲಿ. ಅಲಬಾಮಾ ಪ್ರಾಂತದಲ್ಲಿ ಹುಟ್ಟಿ, ಪಿಟೀಲನ್ನೂ ಗಣಿತವನ್ನೂ ಅಭ್ಯಾಸಮಾಡಿ, ಹಾಲಿವುಡ್ಡಿಗೆ ಬಂದು ಸಣ್ಣಪುಟ್ಟ ವೇಷಗಳನ್ನು ಮಾಡುತ್ತಿದ್ದ ಫೆಲಿಷಿಯಾ ಡೇ ಎಂಬಾಕೆ, ಕಂಪ್ಯೂಟರಿನ ಆಟವೊಂದರ ಗೀಳಿಗೆ ತಾನು ಸಿಕ್ಕಿಬಿದ್ದ ಅನುಭವವನ್ನೇ ಆಧರಿಸಿ ದೂರದರ್ಶನಕ್ಕೆಂದು ನಾಟಕವೊಂದನ್ನು ಬರೆದರು. ಅದನ್ನು ಅಂತರ್ಜಾಲಕ್ಕೆ ಒಗ್ಗುವಂತೆ ಕಿರಿದುಮಾಡಿ, 'ದ ಗಿಲ್ಡ್' ಎಂಬ ಹೆಸರಿನಲ್ಲಿ 2007ರ ಜುಲೈಯಿಂದ ಪ್ರಸಾರಮಾಡತೊಡಗಿದರು. ಮೊದಲ ಮೂರು ಕಂತುಗಳಿಗೆ ಕೈಯಿಂದ ಹಣ ಹಾಕಿದ್ದಾಯಿತು. ಕೈ ಬರಿದಾದಾಗ ನೋಡುಗರ ಮುಂದೆ ಕೋರಿಕೆಯಿಟ್ಟರು. ಅವರು ಕಳಿಸಿದ ಚಂದಾಹಣದಿಂದ ಮೊದಲ ಆವೃತ್ತಿ ಮುಗಿಯಿತು. ಎರಡನೆಯ ಆವೃತ್ತಿಗೆ ಮೈಕ್ರೋಸಾಫ್ಟ್ ಸಂಸ್ಥೆ ನೆರವು ನೀಡಲು ಮುಂದೆ ಬಂದಾಗಲೂ ಕೃತಿಯ ಹಕ್ಕನ್ನು ಆಕೆ ಬಿಟ್ಟುಕೊಡಲಿಲ್ಲ. 2013ರವರೆಗೆ ಆರು ಆವೃತ್ತಿಗಳು ನಡೆದುವು.

ಕನ್ನಡಿಗರಿಗೆ ಈ ಸಂದರ್ಭದಲ್ಲಿ ಎಂ. ವಿ. ರಾಜಮ್ಮನವರ ನೆನಪಾಗದಿರದು. ಮಹಮ್ಮದ್ ಪೀರರ ಚಂದ್ರಕಲಾ ನಾಟಕ ಮಂಡಳಿಯಲ್ಲಿ ಪಾತ್ರ ವಹಿಸುತ್ತಿದ್ದ ಆಕೆ, ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರ ಮಾಡುವ ರೂಢಿ ಇನ್ನೂ ಪೂರ್ತಿಯಾಗಿ ಅಳಿಯದಿದ್ದ ಕಾಲದಲ್ಲಿ, ರಂಗದಿಂದ ಚಿತ್ರರಂಗಕ್ಕೆ ಬಂದು, 1936ರ 'ಸಂಸಾರ ನೌಕೆ'ಯ ನಾಯಕಿಯಾಗಿ, ಅಷ್ಟಕ್ಕೇ ತೃಪ್ತರಾಗದೆ 1943ರಲ್ಲಿ 'ರಾಧಾರಮಣ'ವನ್ನು ತಾವೇ ನಿರ್ಮಿಸಿ, ಕನ್ನಡದಲ್ಲಿ ಚಿತ್ರ ತೆಗೆದ ಪ್ರಥಮ ಮಹಿಳೆಯೆನಿಸಿದರು. ಹಣವನ್ನೂ ಹೊಣೆಯನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡ ನಟಿಯ ಪರಂಪರೆಗೆ ಅಂತರ್ಜಾಲಕ್ಕಿಂತ ದೀರ್ಘವಾದ ಇತಿಹಾಸವುಂಟು. ಆದರೆ ಸ್ಟುಡಿಯೊ, ಫಿಲಂ ಸುರುಳಿ, ಹಂಚಿಕೆದಾರ, ಚಿತ್ರಮಂದಿರ ಎಂಬ ನಾಲ್ಕು ಕೋಟೆಗಳನ್ನು ದಾಟಬೇಕಾಗಿದ್ದ ಆ ದಿನಗಳಲ್ಲಿ ರಾಜಮ್ಮನವರಂಥವರು ವಿರಳವಾಗಿಯೇ ಉಳಿದರು. ಕೈಯಲ್ಲಿ ಹಿಡಿಯುವ ಕ್ಯಾಮೆರಾವೂ ಮನೆಗೆ ಬರುವ ತಂತಿಯೂ ಸೇರಿ ಆ ಕೋಟೆಗಳ ಎತ್ತರವನ್ನು ತಗ್ಗಿಸಿದುವು.

ಹೀಗೆ ತಗ್ಗಿದ ಗೋಡೆಯನ್ನು ಹತ್ತಿ ಬಂದವರಲ್ಲಿ ಇಸ್ಸಾ ರೇ ಅವರ ಕಥೆಯನ್ನು ತುಸು ಸಾವಕಾಶವಾಗಿ ಹೇಳಬೇಕು. 1985ರಲ್ಲಿ ಲಾಸ್ ಏಂಜಲಿಸಿನಲ್ಲಿ ಜನಿಸಿದ ಈಕೆಯ ತಂದೆ ಸೆನೆಗಲ್ ದೇಶದಿಂದ ಬಂದ ಮಕ್ಕಳ ವೈದ್ಯರು, ತಾಯಿ ಲೂಸಿಯಾನಾ ಮೂಲದ ಉಪಾಧ್ಯಾಯಿನಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದಲ್ಲಿದ್ದಾಗಲೇ ಸಹಪಾಠಿಗಳನ್ನು ಕೂಡಿಸಿಕೊಂಡು 'ಡಾರ್ಮ್ ಡೈರೀಸ್' ಎಂಬ ವಿಡಿಯೊ ಮಾಲಿಕೆಯನ್ನು ತೆಗೆದು, ತನ್ನಂಥವರ ಕಥೆಗೆ ನೋಡುಗರಿದ್ದಾರೆಂಬುದನ್ನು ಕಂಡುಕೊಂಡರು. 2007ರಲ್ಲಿ ಪದವಿ ಬಂತು. ಅದರ ಮರುವರ್ಷವೇ ಆಕೆ ಬಾಲ್ಯದಿಂದ ಕಂಡಿದ್ದ ಬಗೆಯ ಧಾರಾವಾಹಿಗಳಲ್ಲಿ ಉಳಿದಿದ್ದದ್ದೂ ಮುಗಿದುಹೋಯಿತೆಂಬುದನ್ನು ಮೇಲೆ ಹೇಳಿದ್ದೇನೆ. ಪರದೆಯ ಮೇಲೆ ಕರಿಯ ಹೆಂಗಸೆಂದರೆ ಒಂದೋ ಗದ್ದಲಮಾಡುವವಳು, ಇಲ್ಲವೇ ನಾಯಕಿಗೆ ಧೈರ್ಯ ಹೇಳುವ ಗೆಳತಿ. ಸಂಕೋಚದ, ಮಾತು ತಪ್ಪುವ, ಎಲ್ಲಿ ಕೈಯಿಡಬೇಕೆಂದು ತಿಳಿಯದ ಸಾಮಾನ್ಯ ಹುಡುಗಿಗೆ ಅಲ್ಲಿ ಎಡೆಯಿರಲಿಲ್ಲ.

2011ರ ಫೆಬ್ರವರಿಯಲ್ಲಿ ಯೂಟ್ಯೂಬಿನಲ್ಲಿ ಆರಂಭವಾದ 'ದ ಮಿಸ್‌ಅಡ್ವೆಂಚರ್ಸ್ ಆಫ್ ಆಕ್ವರ್ಡ್ ಬ್ಲ್ಯಾಕ್ ಗರ್ಲ್' ಮಾಲಿಕೆಯ ನಾಯಕಿ ಜೆ ಎಂಬುವಳು ಅಂಥವಳೇ. ಮೊದಲ ಕಂತಿನ ವಸ್ತುವನ್ನು ನೋಡಿ: ಕಾರು ನಡೆಸಿಕೊಂಡು ಹೋಗುತ್ತಿರುವ ಜೆಗೆ, ಅಡ್ಡರಸ್ತೆಯ ನಿಲುಗಡೆಯಲ್ಲಿ, ತಾನು ತಪ್ಪಿಸಿಕೊಳ್ಳಬೇಕೆಂದಿರುವ ಸಹೋದ್ಯೋಗಿಯ ಕಾರು ಪಕ್ಕಕ್ಕೆ ಬಂದು ನಿಲ್ಲುತ್ತದೆ, ನಗೆಯ ವಿನಿಮಯವಾಗುತ್ತದೆ, ಮುಂದಿನ ನಿಲುಗಡೆಯಲ್ಲಿ ಮತ್ತೆ ಅದೇ ಕಾರು, ಈಗ ಏನು ಮಾಡಬೇಕು, ಇನ್ನೊಮ್ಮೆ ನಗಬೇಕೇ, ಕಾಣದವಳಂತೆ ಇರಬೇಕೇ? ಘಟನೆಯೆಂಬಷ್ಟು ಘಟನೆಯೂ ಇದಲ್ಲ. ಆದರೆ ಮನಸ್ಸಿನೊಳಗಣ ಆ ತಳಮಳವನ್ನು ಹಿನ್ನೆಲೆಯ ಸ್ವಗತದಲ್ಲಿ ಹೇಳುತ್ತ, ಹೊರಗೆ ಕಣ್ಣು ಹುಬ್ಬುಗಳ ಅತಿಸೂಕ್ಷ್ಮ ಚಲನೆಯಲ್ಲಿ ತೋರುತ್ತ ಹೋದ ಇಸ್ಸಾ ರೇ ಅವರ ಅಭಿನಯದಲ್ಲಿ, ತಮ್ಮ ಮುಖವನ್ನು ಎಂದೂ ಪರದೆಯ ಮೇಲೆ ಕಾಣದಿದ್ದ ಸಹಸ್ರಾರು ತರುಣಿಯರು ತಮ್ಮನ್ನು ಕಂಡರು. ಶತಮಾನದ ಕಾಲ ದಾಸಿಯ ವೇಷವನ್ನೂ ವೀರವನಿತೆಯ ವೇಷವನ್ನೂ ಪಡೆದ ಜನಾಂಗಕ್ಕೆ, ಪೇಚಿಗೆ ಸಿಲುಕುವ ಸಾಮಾನ್ಯಳಾಗಿರುವ ಹಕ್ಕೂ ಒಂದು ಹಕ್ಕೆಂಬುದನ್ನು ಈ ಕಿರುಚಿತ್ರಗಳಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಕೃತಿಗಳು ಹೆಚ್ಚಿಲ್ಲ.

ಕಂತುಗಳು ನಡೆಯುತ್ತಿದ್ದಂತೆ ಹಣದ ಕೊರತೆ ಬಂದಿತು. ಇಸ್ಸಾ ರೇ ಮತ್ತು ಸಹನಿರ್ಮಾಪಕಿ ಟ್ರೇಸಿ ಆಲಿವರ್ ಅವರು ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದ ಮೂಲಕ ಜನರ ನೆರವು ಬೇಡಿದಾಗ, ಸುಮಾರು 2 ಸಾವಿರ ಮಂದಿ ಸೇರಿ 56 ಸಾವಿರಕ್ಕೂ ಮಿಕ್ಕಿದ ಡಾಲರುಗಳನ್ನು ಒದಗಿಸಿದರು. ತಲೆಯೊಂದಕ್ಕೆ ಲೆಕ್ಕಹಾಕಿದರೆ 30 ಡಾಲರಿಗೂ ಕಡಿಮೆ. ರಾಜಾಶ್ರಯವಿಲ್ಲದೆ, ಸಾಹುಕಾರನ ಸಾಲವಿಲ್ಲದೆ, ನೋಡುವವರೇ ಮುಂಚಿತವಾಗಿ ಟಿಕೆಟಿನ ಹಣ ಕೊಟ್ಟು ನಾಟಕವನ್ನು ಆಡಿಸಿದಂತಾಯಿತು. 2012ರಲ್ಲಿ ಎರಡನೆಯ ಆವೃತ್ತಿಯನ್ನು ಸಂಗೀತಗಾರ ಫಾರೆಲ್ ವಿಲಿಯಮ್ಸ್ ಅವರ ವಾಹಿನಿ ಪ್ರಸಾರಮಾಡಿತು.

ಖ್ಯಾತಿ ಬಂದೊಡನೆ ದೊಡ್ಡ ದೂರದರ್ಶನ ಸಂಸ್ಥೆಯೊಂದು ಹೊಸ ಧಾರಾವಾಹಿಯನ್ನು ಬರೆಯಲು ಆಕೆಯನ್ನು ಕರೆಯಿತು. ಹೇಳಿದವರೆಲ್ಲರ ಸಲಹೆಯನ್ನೂ ಸೇರಿಸುತ್ತ ಹೋದ ಆ ಬರಹದಲ್ಲಿ ತನ್ನ ದನಿಯೇ ಕಳೆದುಹೋಯಿತೆಂದು ಆಕೆ ಮುಂದೆ ಹೇಳಿಕೊಂಡಿದ್ದಾರೆ. ಧಾರಾವಾಹಿ ತೆರೆಗೆ ಬರಲೇ ಇಲ್ಲ. ಆಕೆಯ ಜೀವನದಲ್ಲಿ ನಿರ್ಣಾಯಕವಾದ ಘಟ್ಟ ಇದೇ ಎಂದು ನನ್ನ ಭಾವನೆ. ಅಂತರ್ಜಾಲದ ಕೀರ್ತಿ ಬಾಗಿಲನ್ನು ತೆರೆಸಬಲ್ಲುದೇ ಹೊರತು ಒಳಗೆ ಹೋದವಳು ಏನನ್ನು ಉಳಿಸಿಕೊಳ್ಳಬೇಕೆಂಬುದನ್ನು ಕಲಿಸಲಾರದು. ಆಮೇಲೆ ಎಚ್‌ಬಿಒ ಸಂಸ್ಥೆಗಾಗಿ, ಲ್ಯಾರಿ ವಿಲ್‌ಮೋರ್ ಅವರೊಡನೆ ಕೂಡಿ ರೂಪಿಸಿದ 'ಇನ್‌ಸೆಕ್ಯೂರ್' ಸಿದ್ಧವಾಗಲು ವರ್ಷಗಳೇ ಹಿಡಿದುವು. ಆ ಸಾವಕಾಶದ ಫಲವು ಅದರಲ್ಲಿ ಎದ್ದು ಕಾಣುತ್ತದೆ. 2016ರ ಅಕ್ಟೋಬರಿನಿಂದ 2021ರ ಡಿಸೆಂಬರಿನವರೆಗೆ ಐದು ಆವೃತ್ತಿಗಳಲ್ಲಿ 44 ಕಂತುಗಳಾಗಿ ಬಂದ ಈ ಕೃತಿ, ಸಿನಿಮಾಗಳು ಪಾತಕದ ಕೂಪವೆಂಬಂತೆ ಚಿತ್ರಿಸುತ್ತಿದ್ದ ದಕ್ಷಿಣ ಲಾಸ್ ಏಂಜಲಿಸನ್ನೂ ಇಂಗಲ್‌ವುಡ್ಡನ್ನೂ, ಮರಗಳ ನೆರಳಿನ, ಸಂಜೆಯ ಬೆಳಕಿನ, ಸ್ನೇಹಕ್ಕೂ ಮುನಿಸಿಗೂ ಎಡೆಯುಳ್ಳ ಊರುಗಳಾಗಿ ತೋರಿಸಿತು. ಊರಿಗೂ ತನ್ನ ಮುಖವನ್ನು ಮರಳಿ ಪಡೆಯುವ ಹಂಬಲವಿರುತ್ತದೆ.

ಭಾರತದಲ್ಲಿ ಇದೇ ದಾರಿ ಬೇರೊಂದು ಬಗೆಯಲ್ಲಿ ಸಾಗಿತು. 2014ರ ಅಕ್ಟೋಬರಿನಲ್ಲಿ ಮುಂಬಯಿಯ ಟಿವಿಎಫ್ ತಂಡದ 'ಪರ್ಮನೆಂಟ್ ರೂಮ್‌ಮೇಟ್ಸ್' ಎಂಬ ಅಂತರ್ಜಾಲ ಮಾಲಿಕೆ ಬಂದು ಸುಮಿತ್ ವ್ಯಾಸ್, ನಿಧಿ ಸಿಂಗ್ ಅವರನ್ನು ಮನೆಮಾತಾಗಿಸಿತು. 2016ರ ಮಾರ್ಚಿನಲ್ಲಿ ಮಿಥಿಲಾ ಪಾಲ್ಕರ್ ಎಂಬ ತರುಣಿ, ಮರಾಠಿಯ ಹಳೆಯ ಗೀತೆಯೊಂದನ್ನು ಲೋಟದ ತಾಳಕ್ಕೆ ಹಾಡಿದ ವಿಡಿಯೊ ದೇಶವೆಲ್ಲ ಹರಡಿತು. ಅದೇ ವರ್ಷ ಆಕೆ 'ಲಿಟಲ್ ಥಿಂಗ್ಸ್' ಮಾಲಿಕೆಯ ಕಾವ್ಯಾ ಆದರು. 2018ರಲ್ಲಿ 'ಕಾರವಾನ್' ಚಿತ್ರದಲ್ಲಿ ಇರ್ಫಾನ್ ಖಾನರೊಡನೆ ನಟಿಸಿದರು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಮೊಬೈಲ್ ಸೇವೆ ಆರಂಭವಾಗಿ ಅಂತರ್ಜಾಲದ ಡೇಟಾ ಬೆಲೆ ಕುಸಿದ ಮೇಲೆ ಹಳ್ಳಿಯ ಹುಡುಗಿಯ ಅಂಗೈಗೂ ಈ ರಂಗಸ್ಥಳ ಬಂದಿತು. ನಮ್ಮ ನಾಡಿನಲ್ಲಿ ಡಬ್‌ಸ್ಮ್ಯಾಶ್ ವಿಡಿಯೊಗಳಿಂದ ಹೆಸರಾದ ನಿವೇದಿತಾ ಗೌಡ ಅವರು 2017ರಲ್ಲಿ 'ಬಿಗ್ ಬಾಸ್ ಕನ್ನಡ'ಕ್ಕೆ ಪ್ರವೇಶಿಸಿದರು. ಇವರೆಲ್ಲರ ಪರಿಶ್ರಮದಲ್ಲಿ ನನಗೆ ಗೌರವವಿದೆ. ಆದರೂ ಇಲ್ಲಿ ವಿಡಿಯೊ ಬಹುಮಟ್ಟಿಗೆ ಹಳೆಯ ಬಾಗಿಲನ್ನು ತಟ್ಟುವ ಸಾಧನವಾಯಿತು. ಕಥೆಯನ್ನು ಬರೆಯುವ ಅಧಿಕಾರ ನಟಿಯ ಕೈಗೆ ಬಂದದ್ದು ಕಡಿಮೆ. ತಂದೆ, ತಾಯಿ, ಮಗಳು ಎಲ್ಲರ ಪಾತ್ರಗಳನ್ನೂ ತಾವೇ ಬರೆದು ಆಡುತ್ತ ಬೆಳೆದ ಪ್ರಾಜಕ್ತಾ ಕೋಲಿ ಅವರಂಥವರೂ, 2020ರ 'ಮಿಸ್‌ಮ್ಯಾಚ್ಡ್' ಮಾಲಿಕೆಗೆ ಬಂದಾಗ ಅನ್ಯರ ರಚನೆಯ ನಾಯಕಿಯಾಗಿಯೇ ಬಂದರು.

ರಂಗಸ್ಥಳದ ಒಡೆತನದ ಪ್ರಶ್ನೆಯೂ ಇದರೊಡನೆ ಹೆಣೆದುಕೊಂಡಿದೆ. ಆರು ಸೆಕೆಂಡುಗಳ ವಿಡಿಯೊಗಳ ತಾಣವಾಗಿದ್ದ ವೈನ್ 2017ರ ಜನವರಿಯಲ್ಲಿ ಮುಚ್ಚಿತು. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕನ್ನೂ ಸೇರಿಸಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಅದರಲ್ಲಿಯೇ ಹೆಸರು ಮಾಡಿದ್ದ ಅಸಂಖ್ಯ ಹೆಣ್ಣುಮಕ್ಕಳ ರಂಗಸ್ಥಳ ಇಲ್ಲವಾಯಿತು. ಕಂಪನಿ ನಾಟಕದ ನಟಿಗೆ ಒಂದೂರಿನಲ್ಲಿ ಡೇರೆ ಕಿತ್ತರೆ ಇನ್ನೊಂದೂರಿನಲ್ಲಿ ಅದೇ ಪಾತ್ರವಿರುತ್ತಿತ್ತು. ಇಲ್ಲಿ ಡೇರೆಯೊಡನೆ ಪ್ರೇಕ್ಷಕರೂ ಚದುರಿದರು. ಫೆಲಿಷಿಯಾ ಡೇ ಅವರು ಕೃತಿಯ ಹಕ್ಕಿಗಾಗಿ ತೋರಿದ ಹಟದ ಬೆಲೆ ಆಗ ತಿಳಿಯುತ್ತದೆ.

ಇಸ್ಸಾ ರೇ ಅವರು ತಮಗೆ ದೊರೆತ ನೆಲೆಯಲ್ಲಿ ಇತರರಿಗೂ ಎಡೆಮಾಡಿಕೊಟ್ಟರು. 2019ರಲ್ಲಿ ಎಚ್‌ಬಿಒದಲ್ಲಿ ರಾಬಿನ್ ಥೀಡ್ ಅವರ 'ಎ ಬ್ಲ್ಯಾಕ್ ಲೇಡಿ ಸ್ಕೆಚ್ ಷೋ' ಬಂದಾಗ ಅದರ ನಿರ್ಮಾಪಕರ ಸಾಲಿನಲ್ಲಿ ಆಕೆಯ ಹೆಸರಿತ್ತು. ಆ ಹಾಸ್ಯಮಾಲಿಕೆಯ ಮೊದಲ ಆವೃತ್ತಿಯಲ್ಲಿ ಬರೆದವರೂ ಕರಿಯ ಮಹಿಳೆಯರೇ, ಮುಖ್ಯ ಪಾತ್ರಧಾರಿಣಿಯರೂ ಅವರೇ, ನಿರ್ದೇಶಿಸಿದವರೂ ಕರಿಯ ಮಹಿಳೆಯೊಬ್ಬರೇ.