ಭಾರತ ಸೇವಕ ಸಂಘದ ಶಿಕ್ಷಣಕ್ರಮ: ಲೋಕಸೇವಾಸಂಸ್ಥೆಗಳಲ್ಲಿ ನಾಯಕರ ಪೋಷಣೆ

ಲಾಭಾಪೇಕ್ಷೆಯಿಲ್ಲದ ಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಸ್ಥಾಪಕನ ತ್ಯಾಗವನ್ನು ವಿಸ್ತಾರವಾಗಿ ವರ್ಣಿಸಿ, ಅವನ ತರುವಾಯ ಭಾರವನ್ನು ವಹಿಸಿದವರು ಯಾವ ಅನ್ನದಿಂದ, ಯಾವ ಅಭ್ಯಾಸದಿಂದ ಬೆಳೆದರೆಂಬುದನ್ನು ವಿಚಾರಿಸದೆಯೇ ಮುಂದೆ ಸಾಗುವುದುಂಟು. ಗೋಪಾಲಕೃಷ್ಣ ಗೋಖಲೆಯವರು 1905ರ ಜೂನ್ 12ರಂದು ಪುಣೆಯಲ್ಲಿ ಸ್ಥಾಪಿಸಿದ ‘ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ’, ಎಂದರೆ ಭಾರತ ಸೇವಕ ಸಂಘವು, ಈ ವಿಚಾರವನ್ನು ತನ್ನ ನಿಬಂಧನೆಗಳಲ್ಲಿಯೇ ಅಳವಡಿಸಿಕೊಂಡಿದ್ದಿತು.

ಸಂಘವನ್ನು ಸೇರಿದವನು ಏಳು ಪ್ರತಿಜ್ಞೆಗಳನ್ನು ಸ್ವೀಕರಿಸಿ ಐದು ವರ್ಷಗಳ ಕಾಲ ಶಿಕ್ಷಾರ್ಥಿಯಾಗಿ, ಆ ಅವಧಿಯಲ್ಲಿ ಕೆಲವು ಕಾಲ ಪುಣೆಯ ನಿಲಯದಲ್ಲಿ ಅಧ್ಯಯನವನ್ನೂ ಕೆಲವು ಕಾಲ ದೇಶಸಂಚಾರವನ್ನೂ ಮಾಡಬೇಕಾಗಿದ್ದಿತು. ತನಗೂ ತನ್ನ ಕುಟುಂಬಕ್ಕೂ ಸಂಘವು ಕಲ್ಪಿಸುವ ಜೀವನೋಪಾಯದಲ್ಲಿ ತೃಪ್ತನಾಗಿರುವೆನೆಂಬುದು ಆ ಪ್ರತಿಜ್ಞೆಗಳಲ್ಲೊಂದು. ಇದನ್ನು ಸೇವಕನ ವೈರಾಗ್ಯವೆಂದು ಮಾತ್ರ ಕೊಂಡಾಡುವುದು ಸಾಲದು. ಅವನು ತೃಪ್ತನಾಗಿರಬೇಕಾದರೆ ಕಲ್ಪಿಸುವ ಹೊಣೆಯು ಸಂಘದ ಮೇಲೆ ನಿಂತಿತೆಂಬುದೇ, ನನ್ನ ಮತದಲ್ಲಿ, ಆ ನಿಬಂಧನೆಯ ಹೃದಯ. ಮನೆಯವರ ಹೊಟ್ಟೆಬಟ್ಟೆಯ ಚಿಂತೆಯಿಂದ ಬಿಡುಗಡೆಯಾದವನಿಗಲ್ಲದೆ ಮತ್ತಾರಿಗೆ ಐದು ವರ್ಷಗಳ ಸಾವಧಾನವು ಸಾಧ್ಯವಾದೀತು?

ಇಂತಹ ಪೋಷಣೆಯ ಫಲವನ್ನು ಸಂಘದ ಸದಸ್ಯಸಂಖ್ಯೆಯಿಂದ ಅಳೆಯಲಾಗದು. ಅದು ಎಂದೂ ಚಿಕ್ಕ ಸಂಘವೇ. 1909ರಲ್ಲಿ ಸೇರಿದ ಎನ್. ಎಂ. ಜೋಷಿಯವರು 1911ರಲ್ಲಿ ಮುಂಬಯಿಯಲ್ಲಿ ಸಮಾಜಸೇವಾ ಲೀಗನ್ನು ಕಟ್ಟಿ, 1920ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬರಾದರು. ಇಂಜಿನಿಯರ್ ವೃತ್ತಿಯನ್ನು ತೊರೆದು 1914ರಲ್ಲಿ ಬಂದ ಠಕ್ಕರ್ ಬಾಪಾ ಅವರು 1922ರಲ್ಲಿ ಭೀಲ ಸೇವಾಮಂಡಲವನ್ನು ಸ್ಥಾಪಿಸಿದರು. ತಾನು ಬೆಳೆಸಿದವರು ತನ್ನ ಪ್ರಾಕಾರದ ಹೊರಗೆ ಕಟ್ಟಿದ್ದನ್ನು ನಷ್ಟವೆಂದೆಣಿಸದಿದ್ದುದು ಈ ಸಂಸ್ಥೆಯ ದೊಡ್ಡತನ.

ಆದರೆ ಇದರ ಮಿತಿಯನ್ನೂ ಹೇಳಬೇಕು. 1915ರಲ್ಲಿ ಸ್ವದೇಶಕ್ಕೆ ಮರಳಿದ ಗಾಂಧಿಯವರಿಗೆ ಗೋಖಲೆಯವರು, ಒಂದು ವರ್ಷ ಸಾರ್ವಜನಿಕ ವಿಷಯಗಳಲ್ಲಿ ಮೌನವಾಗಿದ್ದು ದೇಶವನ್ನು ನೋಡಬೇಕೆಂದು ವಿಧಿಸಿದರು. ಅದೇ ವರ್ಷದ ಫೆಬ್ರವರಿ 19ರಂದು ಗೋಖಲೆಯವರು ತೀರಿಕೊಂಡರು, ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಅವರ ಸ್ಥಾನಕ್ಕೆ ಬಂದರು. ತಮ್ಮನ್ನು ಸೇರಿಸಿಕೊಳ್ಳುವ ವಿಷಯದಲ್ಲಿ ಸದಸ್ಯರಲ್ಲಿ ಭಿನ್ನಾಭಿಪ್ರಾಯವಿರುವುದನ್ನು ಕಂಡ ಗಾಂಧಿಯವರು, ಸಂಘದ ಸದಸ್ಯತ್ವಕ್ಕಾಗಿ ಸಲ್ಲಿಸಿದ್ದ ತಮ್ಮ ಅರ್ಜಿಯನ್ನು ಹಿಂತೆಗೆದುಕೊಂಡರು. ಒಂದೇ ಎರಕದಲ್ಲಿ ಸಿದ್ಧರಾದವರಿಗೆ ಬೇರೊಂದು ಪ್ರಕೃತಿಯ ನಾಯಕನನ್ನು ಒಳಗೊಳ್ಳುವುದು ಕಷ್ಟವೆಂಬುದಕ್ಕೆ ಇದಕ್ಕಿಂತ ಗಂಭೀರವಾದ ನಿದರ್ಶನವು ನನಗೆ ತೋರದು.

ಕನ್ನಡ ನಾಡಿನಲ್ಲಿ ಗೋಖಲೆಯವರ ಆದರ್ಶಕ್ಕೆ ಆಶ್ರಯವಿತ್ತವರು ಡಿ. ವಿ. ಗುಂಡಪ್ಪನವರು. ಅವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯು ವ್ಯಾಸಂಗಗೋಷ್ಠಿ, ಗ್ರಂಥಾಲಯಗಳ ಮೂಲಕ ಆ ಆದರ್ಶದ ಅಧ್ಯಯನಾಂಶವನ್ನು ಗೃಹಸ್ಥರಾದ ಸಾಮಾನ್ಯ ಪೌರರಿಗೂ ಎಟುಕಿಸಿತು.

ಜೀವನೋಪಾಯದ ಅಂಶವಾದರೋ ಇಂದು ಎಲ್ಲೆಡೆಯೂ ಕ್ಷೀಣಿಸಿದೆ. ದಾನಿಗಳು ಯೋಜನೆಗೆ ಹಣವಿತ್ತು ಮನುಷ್ಯನಿಗೆ ಕೊಡಲು ಹಿಂಜರಿಯುತ್ತಾರೆ. ವಿದೇಶೀ ದೇಣಿಗೆಯ ಕಾನೂನಿಗೆ 2020ರಲ್ಲಿ ಆದ ತಿದ್ದುಪಡಿಯು ಆ ಹಣದಲ್ಲಿ ಆಡಳಿತಕ್ಕೆ ವ್ಯಯಿಸಬಹುದಾದ ಪಾಲನ್ನು ಶೇಕಡ 50ರಿಂದ 20ಕ್ಕೆ ಇಳಿಸಿತು. ಹೀಗಿರುವಾಗ ಸ್ವದೇಶದ ದಾನಿಗಳಾದರೂ, ಒಂದು ಸಂಸ್ಥೆಗೆ ಕೊಡುವ ದ್ರವ್ಯದಲ್ಲಿ ಒಬ್ಬ ತರುಣ ಕಾರ್ಯಕರ್ತನ ಕೆಲವು ವರ್ಷಗಳ ಓದು, ಸಂಚಾರ, ಸಂಸಾರನಿರ್ವಹಣೆಗಳಿಗೆಂದು ಒಂದು ಭಾಗವನ್ನು, ಫಲಿತಾಂಶದ ವರದಿಯನ್ನು ಬಯಸದೆ, ಪ್ರತ್ಯೇಕವಾಗಿ ತೆಗೆದಿರಿಸುವುದು ಯುಕ್ತವಾಗಿದೆ.